ಕವಲೇದುರ್ಗಕ್ಕೆ ಒಂದು ದಿನದ ಚಾರಣ: ದಾರಿ, ಹೊತ್ತು, ಬುತ್ತಿ, ಜೊತೆಗೆ ಉಣುಗಿನ ಎಚ್ಚರ

ಮಳೆ ನಿಂತು ನವೆಂಬರ್ ಬಂತು ಅಂದ್ರೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲು, ಅಂಗಡಿಗಳಿಗೆ ಒಂದು ಪ್ರಶ್ನೆ ಶುರುವಾಗುತ್ತೆ. "ಕವಲೇದುರ್ಗಕ್ಕೆ ಹೇಗೆ ಹೋಗೋದು? ಎಷ್ಟು ಹೊತ್ತು ಬೇಕು?" ಬ್ಯಾಗ್ ಹೊತ್ತ ಹುಡುಗರು ಕೇಳ್ತಾರೆ, ಮಕ್ಕಳ ಜೊತೆ ಕಾರಲ್ಲಿ ಬಂದವರು ಕೇಳ್ತಾರೆ. ನಮ್ಮಲ್ಲಿ ಎಷ್ಟೋ ಜನ ದಾರಿ ತೋರಿಸ್ತೇವೆ, ಆದ್ರೆ ನಾವೇ ಹೋಗಿ ಹತ್ತು ಹದಿನೈದು ವರ್ಷ ಆಗಿರುತ್ತೆ. ಕೆಲವರಂತೂ ಶಾಲೆಯಲ್ಲಿದ್ದಾಗ ಪ್ರವಾಸ ಹೋಗಿದ್ದೇ ಕೊನೆ. ಈ ಬರಹ ಹೋಗೋರಿಗೂ ಹೌದು, ದಾರಿ ಹೇಳೋರಿಗೂ ಹೌದು.

ಮೊದಲೇ ಒಂದು ಮಾತು. ಚಾರಣಕ್ಕೆ ಚೆಂದದ ತಿಂಗಳು ಅಂತ ಎಲ್ಲರೂ ಹೇಳೋದು ನವೆಂಬರ್‌ನಿಂದ ಮಾರ್ಚ್. ಸರಿಯೇ. ಆದ್ರೆ ನಮ್ಮ ತಾಲ್ಲೂಕಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳೋದೂ ಹೆಚ್ಚುಕಮ್ಮಿ ಅದೇ ತಿಂಗಳುಗಳಲ್ಲಿ. ಬೆಂಗಳೂರಿನವರು ಬರೆದ ಪ್ರವಾಸದ ಲೇಖನಗಳಲ್ಲಿ ಸೂರ್ಯಾಸ್ತದ ಫೋಟೋ ಇರುತ್ತೆ, ಈ ವಿಷಯ ಇರಲ್ಲ. ಅದಕ್ಕೇ ಇಲ್ಲಿ ಅದನ್ನು ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಜಾಗ ಯಾವುದು, ಎಷ್ಟು ದೂರ

ತೀರ್ಥಹಳ್ಳಿ ಪೇಟೆಯಿಂದ ದುರ್ಗಕ್ಕೆ ಸುಮಾರು 18 ಕಿ.ಮೀ. ಶಿವಮೊಗ್ಗದಿಂದ ಬರೋರು ತೀರ್ಥಹಳ್ಳಿವರೆಗಿನ 60 ಕಿ.ಮೀ. ಸೇರಿಸಿಕೊಳ್ಳಬೇಕು. ನಗರದ ಕಡೆ ಹೋಗೋ ರಸ್ತೆಯಲ್ಲಿ ಸಾಗಿ ಒಳಗೆ ತಿರುಗಬೇಕು. ಕೊನೆಯ ಕೆಲವು ಕಿ.ಮೀ. ರಸ್ತೆ ಕಿರಿದು, ತಿರುವು ಜಾಸ್ತಿ. ಎದುರಿಂದ ಜೀಪು ಬಂದ್ರೆ ಒಬ್ಬರು ಹಿಂದಕ್ಕೆ ಹೋಗಲೇಬೇಕಾದ ಜಾಗಗಳೂ ಇವೆ. ಹಳಬರ ಬಾಯಲ್ಲಿ ಇದು 'ಕೌಲೆದುರ್ಗ'. ದಾರಿ ಕೇಳುವಾಗ ಆ ಹೆಸರು ಹೇಳಿದ್ರೂ ನಡೆಯುತ್ತೆ. ಒಂದು ಕಾಲಕ್ಕೆ ನಮ್ಮ ತಾಲ್ಲೂಕಿಗೇ ಕವಲೇದುರ್ಗ ತಾಲ್ಲೂಕು ಅಂತ ಹೆಸರಿತ್ತು ಅನ್ನೋದು ಇವತ್ತಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

ಬಸ್ಸಲ್ಲಿ ಹೋಗೋರು ಒಂದು ಕೆಲಸ ಮಾಡಿ. ಹತ್ತುವಾಗಲೇ ವಾಪಸ್ ಬರೋ ಕಡೇ ಬಸ್ಸಿನ ಸಮಯವನ್ನು ಕಂಡಕ್ಟರ್ ಹತ್ರ ಕೇಳಿಕೊಳ್ಳಿ. ಆ ಸಮಯಕ್ಕಿಂತ ಒಂದು ಗಂಟೆ ಮೊದಲೇ ಕೆಳಗೆ ಇಳಿದಿರಬೇಕು. ಮೇಲೆ ನಿಂತು "ಇನ್ನೂ ಬೆಳಕಿದೆಯಲ್ಲ" ಅಂದುಕೊಂಡವರೇ ಕ್ರಾಸಿನಲ್ಲಿ ಕತ್ತಲಲ್ಲಿ ಕೈ ಅಡ್ಡ ಹಾಕ್ತಾ ನಿಂತಿರ್ತಾರೆ. ಕೆಲವು ಕಡೆ ಮೊಬೈಲ್ ನೆಟ್‌ವರ್ಕ್ ಸಿಗಲ್ಲ. ಆಟೋದವರಿಗೆ ಫೋನ್ ಮಾಡಿ ಕರೆಸಿಕೊಳ್ತೀನಿ ಅನ್ನೋ ಲೆಕ್ಕಾಚಾರ ಇಲ್ಲಿ ಕೈಕೊಡಬಹುದು. ಆಟೋದಲ್ಲೇ ಹೋಗೋದಾದ್ರೆ ಹೋಗಿ, ಕಾದು, ಬರೋದಕ್ಕೆ ಸೇರಿಸಿಯೇ ಬಾಡಿಗೆ ಮಾತಾಡಿಕೊಳ್ಳಿ.

ಕೆರೆಯಿಂದ ತುದಿಗೆ

ದುರ್ಗದ ಹಾದಿಯಲ್ಲಿ ತಿಮ್ಮಣ್ಣ ನಾಯಕನ ಕೆರೆ ಸಿಗುತ್ತೆ. ಗುಡ್ಡದ ನೆರಳು ಬಿದ್ದ ತಣ್ಣನೆ ನೀರು, ಸುತ್ತ ಕಾಡು. ಬೆಳಿಗ್ಗೆ ಕಾವಳ ಇದ್ರೆ ಅರ್ಧ ಗಂಟೆ ಅಲ್ಲೇ ಹೋಗಿಬಿಡುತ್ತೆ. ಕೂತು ನೋಡಿ, ಆದ್ರೆ ಈಜೋದಕ್ಕೆ ಇಳೀಬೇಡಿ. ಮಲೆನಾಡಿನ ಕೆರೆಗಳಲ್ಲಿ ಹೂಳು ಎಷ್ಟಿದೆ, ಬಳ್ಳಿ ಎಲ್ಲಿದೆ ಅಂತ ದಡದಲ್ಲಿ ನಿಂತವರಿಗೆ ತಿಳಿಯಲ್ಲ, ಹತ್ತಿರದಲ್ಲಿ ಕಾಪಾಡೋಕೆ ಯಾರೂ ಇರಲ್ಲ. ಹೊರಗಿನವರಿಗೆ ದಾರಿ ಹೇಳುವಾಗ ಅಂಗಡಿಯವರು ಈ ಒಂದು ಮಾತು ಸೇರಿಸಿ ಹೇಳಿದ್ರೆ ಒಳ್ಳೆಯದು.

ಗಾಡಿ ನಿಲ್ಲಿಸಿದ ಮೇಲೆ ಗದ್ದೆ ಬಯಲಿನ ಅಂಚಿನಲ್ಲಿ ನಡಿಗೆ ಶುರು. ಗದ್ದೆ ಊರಿನವರದ್ದು. ನಾಟಿ, ಕೊಯ್ಲಿನ ಹೊತ್ತಲ್ಲಿ ಫೋಟೋಗೋಸ್ಕರ ಬದು ಇಳಿದು ಪೈರು ತುಳಿಯೋರ ಮೇಲೆ ಊರವರು ರೇಗಿದ್ರೆ ಅದು ನ್ಯಾಯವೇ. ಬಯಲು ದಾಟಿದ ಕೂಡಲೇ ಕಾಡು, ಕಲ್ಲು ಹಾಸಿದ ಹಳೇ ದಾರಿ, ಆಮೇಲೆ ಮೊದಲನೇ ಬಾಗಿಲು.

ಕೋಟೆಗೆ ಒಂದರ ಮೇಲೊಂದು ಮೂರು ಸುತ್ತು, ಒಂದೊಂದು ಸುತ್ತಿಗೂ ಒಂದೊಂದು ಹೆಬ್ಬಾಗಿಲು, ಬಾಗಿಲ ಪಕ್ಕ ಕಾವಲುಗಾರರ ಕೋಣೆಗಳು. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಗುಡ್ಡ ಹೇಗೆ ತಿರುಗುತ್ತೋ ಗೋಡೆಯೂ ಹಾಗೇ ತಿರುಗುತ್ತೆ. ಕೆಳದಿ ಅರಸರಲ್ಲಿ ವೆಂಕಟಪ್ಪ ನಾಯಕನ ಕಾಲದಲ್ಲಿ ಈ ಕೋಟೆಯನ್ನು ಗಟ್ಟಿ ಮಾಡಿ ಭುವನಗಿರಿ ದುರ್ಗ ಅಂತ ಹೆಸರಿಟ್ಟರು. ಮುಂದೆ ರಾಜಧಾನಿ ಬಿದನೂರಿಗೆ, ಅಂದ್ರೆ ಇವತ್ತಿನ ನಗರಕ್ಕೆ ಹೋಯ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿ ಸಂಸ್ಥಾನವೇ ಮುಗಿಯಿತು.

ಮೂರನೇ ಬಾಗಿಲು ದಾಟೋವರೆಗೆ ದಾರಿ ಒಂದೇ, ಏರು ಮಾತ್ರ. ನಿಧಾನಕ್ಕೆ ಹತ್ತಿದ್ರೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಲ್ಲಿಂದ ಮುಂದೆ ಸುತ್ತಿನ ನಡಿಗೆ: ಕಾಶಿ ವಿಶ್ವನಾಥ ದೇವಸ್ಥಾನ, ಅರಮನೆಯ ಪಾಯ, ಕೊಳಗಳು, ತುದಿಯ ಶಿಖರೇಶ್ವರ ಗುಡಿ ಎಲ್ಲ ನೋಡಿಕೊಂಡು ಮತ್ತೆ ಅದೇ ಬಾಗಿಲಿಗೆ ಬಂದು ಸೇರಬೇಕು. ಬೇರೆ ಕಡೆಯಿಂದ ಇಳಿದು ಶಾರ್ಟ್‌ಕಟ್ ಹುಡುಕೋದು ಬೇಡ. ಗೋಡೆಯ ಆಚೆ ಕಡಿದಾದ ಕಾಡು, ಕಾಲುಹಾದಿ ಅಂತ ಕಂಡಿದ್ದು ದನದ ಜಾಡೋ, ಮಳೆ ನೀರು ಕೊರೆದ ದಾರಿಯೋ ಆಗಿರಬಹುದು.

ಅರಮನೆ ಪಾಯದ ಹತ್ರ ಸ್ವಲ್ಪ ಹೊತ್ತು ಕೊಡಿ. ಮೇಲಿನ ಗೋಡೆ, ಮಾಡು ಯಾವುದೂ ಉಳಿದಿಲ್ಲ. ಉಳಿದಿರೋದು ಪಾಯ, ಜಗಲಿ, ಮೆಟ್ಟಿಲು, ನೀರು ಹೋಗೋ ಕಲ್ಲಿನ ಕಾಲುವೆ, ಬಚ್ಚಲು. ಅಡುಗೆ ಮನೆಯ ಜಾಗದಲ್ಲಿ ಐದು ಪಾತ್ರೆ ಇಡೋಕಾಗೋ ಕಲ್ಲಿನ ಒಲೆ ಇದೆ. ನಮ್ಮ ಕಡೆಯ ಹಳೇ ಮನೆ ನೋಡಿದವರಿಗೆ ಇದು ಅರಮನೆ ಅನ್ನೋದಕ್ಕಿಂತ ದೊಡ್ಡದೊಂದು ತೊಟ್ಟಿ ಮನೆ ಅನ್ನಿಸುತ್ತೆ. ನನಗಂತೂ ಇಡೀ ದುರ್ಗದಲ್ಲಿ ಆ ಒಲೆಯೇ ಇಷ್ಟ. ಕಾಶಿ ವಿಶ್ವನಾಥ ದೇವಸ್ಥಾನದ ಎದುರು ಎರಡು ಎತ್ತರದ ಕಲ್ಲುಕಂಬಗಳಿವೆ, ಹೊರಗೋಡೆಯಲ್ಲಿ ಪ್ರಾಣಿಗಳ ಕೆತ್ತನೆ ಇದೆ. ಮಕ್ಕಳನ್ನು ಹುಡುಕೋಕೆ ಬಿಟ್ರೆ ಅರ್ಧ ಗಂಟೆ ತಂಟೆ ಇಲ್ಲ.

ಕೊಳಗಳ ಹತ್ರ ಮಾತ್ರ ಮಕ್ಕಳ ಕೈ ಬಿಡಬೇಡಿ. ಕಟಾಂಜನ ಇಲ್ಲ, ಮೆಟ್ಟಿಲ ಮೇಲೆ ಪಾಚಿ, ನೀರು ಹಸಿರು ಕಟ್ಟಿರೋದ್ರಿಂದ ಆಳ ಕಾಣಲ್ಲ.

ತುದಿಯ ಗುಡಿಗೆ ಬಂಡೆ ಹತ್ತಬೇಕು. ಚಿಕ್ಕ ಗುಡಿ, ಸುತ್ತ ಬರೀ ಗಾಳಿ. ಆಕಾಶ ತಿಳಿಯಾಗಿದ್ರೆ ವಾರಾಹಿ ಯೋಜನೆಯ ಹಿನ್ನೀರು ಕಾಡಿನ ನಡುವೆ ಬೆಳ್ಳಗೆ ಕಾಣುತ್ತೆ, ದೂರದಲ್ಲಿ ಘಟ್ಟದ ಸಾಲು. ಫೋಟೋಗೋಸ್ಕರ ಬಂಡೆಯ ಅಂಚಿಗೆ ಬೆನ್ನು ಹಾಕಿ ಹಿಂದೆ ಹಿಂದೆ ಹೆಜ್ಜೆ ಇಡೋರನ್ನು ಕಂಡ್ರೆ ಎದೆ ಝಲ್ ಅನ್ನುತ್ತೆ. ಹೇಳಿದ್ರೆ ಬೇಜಾರು ಮಾಡಿಕೊಳ್ತಾರೆ, ಆದ್ರೂ ಹೇಳಿಬಿಡಿ.

ಎಲ್ಲ ಸೇರಿ ಹತ್ತಿ, ಸುತ್ತಿ, ಕೂತು ತಿಂದು, ಇಳಿಯೋಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ರೆ ಐದು. ಬೆಳಿಗ್ಗೆ ಏಳಕ್ಕೆ ತೀರ್ಥಹಳ್ಳಿ ಬಿಟ್ರೆ ಎಂಟಕ್ಕೆ ನಡಿಗೆ ಶುರು ಮಾಡಿ ಬಿಸಿಲು ಏರೋದ್ರೊಳಗೆ ತುದಿಯಲ್ಲಿರಬಹುದು. ಮಧ್ಯಾಹ್ನ ಹೋಗಿ ಸೂರ್ಯಾಸ್ತ ನೋಡಿ ಬರ್ತೀವಿ ಅನ್ನೋರು ಇಳಿಯೋ ದಾರಿ ಪೂರ್ತಿ ಕಾಡಿನೊಳಗೆ ಅನ್ನೋದನ್ನ ನೆನಪಿಡಬೇಕು. ಮೇಲೆ ಬೆಳಕಿದ್ರೂ ಮರಗಳ ಕೆಳಗೆ ಕತ್ತಲಾಗಿರುತ್ತೆ, ಹಾಸುಗಲ್ಲು ಕಾಲಿಗೆ ಸಿಗಲ್ಲ. ಟಾರ್ಚ್ ಇಲ್ಲದೆ ಆ ಸಾಹಸ ಬೇಡ. ರಕ್ಷಿತ ಸ್ಮಾರಕದೊಳಗೆ ಟೆಂಟ್ ಹಾಕೋದು, ಬೆಂಕಿ ಹಚ್ಚೋದು ಎರಡೂ ತಪ್ಪು.

ಉಣುಗು, ಉಂಬಳ ಮತ್ತು ತಿಂಗಳ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್ ಮಳೆ ಮತ್ತು ಉಂಬಳದ ಕಾಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟೋ ಆಗುಂಬೆ ಇರೋದು ಇದೇ ತಾಲ್ಲೂಕಲ್ಲಿ. ನಮ್ಮ ಮಳೆ ಏನು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಹಾಸುಗಲ್ಲು ಪಾಚಿ ಹಿಡಿದು ಸಾಬೂನಿನ ಹಾಗಾಗಿರುತ್ತೆ. ಒಂದು ಆಗಸ್ಟಿನಲ್ಲಿ ಎರಡನೇ ಬಾಗಿಲ ಹತ್ರ ನಾನು ಕೂತ ಹಾಗೇ ನಾಲ್ಕು ಮೆಟ್ಟಿಲು ಇಳಿದಿದ್ದೇನೆ. ಮೂಳೆ ಮುರೀಲಿಲ್ಲ ಅನ್ನೋದಷ್ಟೇ ಪುಣ್ಯ. ಉಂಬಳ ಕಚ್ಚಿದ್ರೆ ಕಿರಿಕಿರಿ, ರಕ್ತ ಹೋಗುತ್ತೆ, ಕಾಯಿಲೆ ಏನೂ ಬರಲ್ಲ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು, ಯಾವುದಾದ್ರೂ ಸಾಕು. ಮಳೆಗಾಲದಲ್ಲೇ ಹೋಗಬೇಕು ಅಂತ ಹಟ ಇದ್ರೆ ಹಿಡಿತ ಇರೋ ಶೂ ಹಾಕಿ, ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಮನೆಯಲ್ಲಿರಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ತುದಿಯ ಬಂಡೆ ಮೇಲೆ ಆಗ ನಿಲ್ಲಬಾರದು. ದೂರದಲ್ಲಿ ಗುಡುಗಿದ ಶಬ್ದ ಕೇಳಿದ್ರೂ ಇಳಿಯೋಕೆ ಶುರು ಮಾಡಿ. ಒಂಟಿ ಮರದ ಕೆಳಗೂ ಬೇಡ.

ಇನ್ನು ಉಣುಗಿನ ವಿಷಯ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಡಾಕ್ಟರುಗಳು ಕೆ.ಎಫ್.ಡಿ. ಅನ್ನೋದು. ವೈರಸ್ ಹರಡೋದು ಕಾಡಿನ ಉಣುಗಿನಿಂದ. ಡಿಸೆಂಬರ್‌ನಿಂದ ಮೇವರೆಗೆ, ಅದ್ರಲ್ಲೂ ಜನವರಿಯಿಂದ ಏಪ್ರಿಲ್‌ವರೆಗೆ ಪ್ರಕರಣಗಳು ಜಾಸ್ತಿ. ಆ ಹೊತ್ತಲ್ಲಿ ಒಣಗಿದ ತರಗೆಲೆಯಲ್ಲಿ ಮರಿ ಉಣುಗುಗಳು ತುಂಬಿರುತ್ತವೆ. ಎಳ್ಳಿನ ಕಾಳಿಗಿಂತ ಚಿಕ್ಕದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಿಗೆ ಈ ಕಾಯಿಲೆ ಹೊಸದಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದದ್ದನ್ನು ಈ ಭಾಗದ ಜನ ಮರೆತಿಲ್ಲ.

ಹಾಗಂತ ಹೆದರಿ ಮನೇಲಿ ಕೂರಬೇಕಾಗಿಲ್ಲ. ಎಲ್ಲ ಉಣುಗಿನಲ್ಲೂ ವೈರಸ್ ಇರಲ್ಲ. ದಿನವೂ ತರಗು ಗುಡಿಸೋಕೆ, ಸೌದೆಗೆ, ದನ ಮೇಯಿಸೋಕೆ ಕಾಡಿಗೆ ಹೋಗೋ ನಮ್ಮವರಿಗೆ ಅಪಾಯ ಜಾಸ್ತಿ, ಒಂದು ದಿನ ಬಂದು ಹೋಗೋರಿಗೆ ಕಡಿಮೆ. ಆದ್ರೆ ತಡೆಯೋದು ಇಷ್ಟು ಸುಲಭ ಇರುವಾಗ ಅಸಡ್ಡೆ ಯಾಕೆ?

ಉದ್ದ ಪ್ಯಾಂಟ್, ತುಂಬು ತೋಳಿನ ಅಂಗಿ, ತಿಳಿ ಬಣ್ಣದ್ದು. ತಿಳಿ ಬಣ್ಣದ ಮೇಲೆ ಉಣುಗು ಹರಿದಾಡೋದು ಕಾಣುತ್ತೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ನೋಡೋಕೆ ಚೆನ್ನಾಗಿರಲ್ಲ, ಇರಲಿ. ಚಡ್ಡಿ ಹಾಕಿಕೊಂಡು ಹೋಗಬೇಡಿ. ಆರೋಗ್ಯ ಇಲಾಖೆಯವರು ಕಾಯಿಲೆ ಇರೋ ಪ್ರದೇಶಗಳಲ್ಲಿ ಡೇಪಾ ತೈಲ ಹಂಚ್ತಾರೆ. ಇದು ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ. ತಯಾರಿಸಿದ ಎಣ್ಣೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ಆಶಾ ಕಾರ್ಯಕರ್ತೆಯರ ಹತ್ರವೋ ಕೇಳಿ. ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಬೇಕು, ಕಣ್ಣು ಬಾಯಿಗೆ ತಾಗಬಾರದು.

ದಣಿವಾದ್ರೆ ಕಲ್ಲಿನ ಮೇಲೆ ಕೂರಿ. ತರಗೆಲೆ ಮೇಲೆ ಟವೆಲ್ ಹಾಸಿ ಮಲಗೋದೇ ಉಣುಗಿಗೆ ಕೊಡೋ ಆಮಂತ್ರಣ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿ ನೀರಿನ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ. ಕಂಕುಳು, ತೊಡೆ ಸಂದಿ, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಸೊಂಟದ ಪಟ್ಟಿ ಬರೋ ಜಾಗ. ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರಕ್ಕೆ ಎಳೆದು ತೆಗೆಯಿರಿ. ಬೆರಳಲ್ಲಿ ಹೊಸಕಬೇಡಿ. ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಲ್ಲಿ ತೊಳೀರಿ.

ದಾರಿಯಲ್ಲಿ ಸತ್ತ ಮಂಗ ಕಂಡ್ರೆ ಹತ್ರ ಹೋಗಲೇಬಾರದು. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಉದುರಿ ಸುತ್ತ ಹರಡಿಕೊಂಡು ಬೇರೆ ಮೈ ಹುಡುಕ್ತಿರುತ್ತವೆ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕೋದಕ್ಕಿಂತ ಮೊದಲು ಆರೋಗ್ಯ ಕೇಂದ್ರಕ್ಕೋ, ಪಂಚಾಯಿತಿಗೋ, ಅರಣ್ಯ ಇಲಾಖೆಗೋ ತಿಳಿಸಿ. ಎಲ್ಲಿ ಕಂಡಿದ್ದು ಅಂತ ಗುರುತು ಸರಿಯಾಗಿ ಹೇಳಿ. ಆ ಒಂದು ಸುದ್ದಿಯಿಂದ ಊರಿನವರೆಲ್ಲ ಎಚ್ಚರವಾಗ್ತಾರೆ.

ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತೆ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು, ನಿಶ್ಶಕ್ತಿ, ವಾಂತಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಇನ್ನು ಕೆಲವರಿಗೆ ವಾಸಿಯಾಯ್ತು ಅಂದುಕೊಂಡ ಮೇಲೆ ಮೂರನೇ ವಾರದಲ್ಲಿ ಮತ್ತೆ ಜ್ವರ ಬಂದು ಮೆದುಳಿಗೆ ತೊಂದರೆಯಾಗಿ ನಡುಕ, ತಲೆಸುತ್ತು, ಗೊಂದಲ ಆಗೋದುಂಟು. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ತೀರಿಕೊಳ್ಳಬಹುದು. ಇದಕ್ಕೆ ಅಂತಲೇ ಔಷಧಿ ಇಲ್ಲ, ಆದ್ರೆ ಬೇಗ ಆಸ್ಪತ್ರೆ ಸೇರಿ ಡ್ರಿಪ್, ಆರೈಕೆ ಸಿಕ್ಕವರು ಹೆಚ್ಚಿನವರು ಗುಣವಾಗ್ತಾರೆ. ಹಿಂದೆ ಕೊಡ್ತಿದ್ದ ಲಸಿಕೆ ಪರಿಣಾಮ ಸಾಲದು ಅಂತ ನಿಲ್ಲಿಸಿದ್ದಾರೆ.

ಇಲ್ಲಿ ಎಡವಟ್ಟಾಗೋದು ಹೊರಗಿನಿಂದ ಬಂದವರಿಗೆ. ಭಾನುವಾರ ಕವಲೇದುರ್ಗ ಹತ್ತಿ, ಮುಂದಿನ ಶುಕ್ರವಾರ ಬೆಂಗಳೂರಲ್ಲೋ ದಾವಣಗೆರೆಯಲ್ಲೋ ಜ್ವರ ಬಂದ್ರೆ ಅಲ್ಲಿನ ಡಾಕ್ಟರಿಗೆ ಮೊದಲು ತೋಚೋದು ಡೆಂಗಿ, ಟೈಫಾಯ್ಡ್. "ಹೋದ ವಾರ ತೀರ್ಥಹಳ್ಳಿ ಕಡೆ ಕಾಡಿಗೆ ಹೋಗಿದ್ದೆ" ಅನ್ನೋ ಒಂದು ವಾಕ್ಯವನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಆಗ ಅವರು ಸರಿಯಾದ ರಕ್ತ ಪರೀಕ್ಷೆ ಬರೀತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಾವೇ ನೋವಿನ ಮಾತ್ರೆ ನುಂಗಬಾರದು, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಜಾಸ್ತಿಯಾಗುತ್ತೆ. ಮೆಡಿಕಲ್ ಶಾಪಿನವರೂ ಈ ತಿಂಗಳುಗಳಲ್ಲಿ ಜ್ವರ ಅಂತ ಬಂದವರಿಗೆ "ಕಾಡಿಗೆ ಹೋಗಿದ್ರಾ?" ಅಂತ ಒಂದು ಮಾತು ಕೇಳಿ ಆಸ್ಪತ್ರೆಗೆ ಕಳಿಸಿದ್ರೆ ದೊಡ್ಡ ಉಪಕಾರ.

ಅಂಗಡಿಯವರಿಗೆ

"ಈ ಕಾಯಿಲೆ ಸುದ್ದಿ ಬರೆದ್ರೆ ಜನ ಬರೋದು ನಿಲ್ಲಿಸ್ತಾರೆ, ನಮ್ಮ ವ್ಯಾಪಾರ ಹೋಗುತ್ತೆ" ಅನ್ನೋ ಮಾತು ಇದೆ. ಅದು ಸುಳ್ಳು ಅಂತ ನಾನು ಹೇಳಲ್ಲ. ಹೋಂಸ್ಟೇ, ಹೋಟೆಲು, ಆಟೋ ಎಲ್ಲಕ್ಕೂ ಈ ನಾಲ್ಕು ತಿಂಗಳೇ ಹೊಟ್ಟೆಪಾಡು. ಆದ್ರೆ ವ್ಯಾಪಾರ ಕೆಡಿಸೋದು ಗಾಳಿಸುದ್ದಿ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಹೋಟೆಲಲ್ಲಿ ಊಟ ಮಾಡಿದ್ರೆ, ಲಾಡ್ಜಲ್ಲಿ ಉಳಿದ್ರೆ, ಪಕ್ಕದಲ್ಲಿ ಕೂತ್ರೆ ಬರಲ್ಲ. ಕೇಳಿದವರಿಗೆ ಇದನ್ನ ಧೈರ್ಯವಾಗಿ ಹೇಳಿ, ಜೊತೆಗೆ ಪ್ಯಾಂಟು ಸಾಕ್ಸಿನ ಮಾತೂ ಹೇಳಿ. ಯಾವ ಗ್ರಾಮದಲ್ಲಾದ್ರೂ ಪ್ರಕರಣ ಬಂದು ಆರೋಗ್ಯ ಇಲಾಖೆ ಆ ಕಡೆ ಕಾಡಿಗೆ ಹೋಗಬೇಡಿ ಅಂದ್ರೆ ಅದನ್ನೂ ಮುಚ್ಚಿಡದೆ ಹೇಳಿ. ಅವತ್ತು ಒಂದು ಗಿರಾಕಿ ಹೋದ್ರೆ ಹೋಗಲಿ ಮಾರಾಯ್ರೆ.

ಗುಡ್ಡದ ಮೇಲೆ ತಿನ್ನೋಕೆ, ಕುಡಿಯೋಕೆ ಸಿಗುತ್ತೆ ಅಂತ ನಂಬಿಕೊಂಡು ಹೋಗೋ ಹಾಗಿಲ್ಲ. ಹಾಗಾಗಿ ಚಾರಣಿಗರು ಖರೀದಿ ಮಾಡೋದು ಪೇಟೆಯಲ್ಲೇ. ಬೆಳಿಗ್ಗೆ ಏಳಕ್ಕೆ ಪೊಟ್ಟಣ ಕಟ್ಟಿದ ಚಿತ್ರಾನ್ನ, ಇಡ್ಲಿ, ಬಾಳೆಹಣ್ಣು, ಮಜ್ಜಿಗೆ ಇಟ್ಟ ಹೋಟೆಲಿಗೆ ಶನಿವಾರ ಭಾನುವಾರ ಗಿರಾಕಿ ತಪ್ಪಲ್ಲ. ಬಾಳೆ ಎಲೆಯಲ್ಲಿ ಕಟ್ಟಿಕೊಟ್ರೆ ಇನ್ನೂ ಚೆನ್ನ. ಪ್ಲಾಸ್ಟಿಕ್ ಕವರು ಕೋಟೆ ಗೋಡೆಯ ಸಂದಿಯಲ್ಲಿ ವರ್ಷಗಟ್ಟಲೆ ಇರುತ್ತೆ.

ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು. ಕೊಳದ ನೀರು ಕುಡಿಯೋ ಹಾಗಿಲ್ಲ. ಬುತ್ತಿ, ಸ್ವಲ್ಪ ಬೆಲ್ಲ, ಓ.ಆರ್.ಎಸ್. ಪುಡಿ, ಟೋಪಿ, ಟಾರ್ಚ್, ಚಿಮಟ, ಬ್ಯಾಂಡೇಜು, ಮಳೆಗಾಲವಾದ್ರೆ ರೇನ್‌ಕೋಟು. ಕೊಡೆ ಬೇಡ, ಎರಡೂ ಕೈ ಖಾಲಿ ಇರಬೇಕು. ಕಸ ತುಂಬಿ ತರೋಕೆ ಒಂದು ಖಾಲಿ ಚೀಲ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ನಡೆದ್ರೆ ಮಂಗಗಳು ಕಿತ್ತುಕೊಳ್ಳುತ್ತವೆ. ಅವಕ್ಕೆ ತಿನ್ನೋಕೆ ಹಾಕಿ ಹತ್ರ ಕರೆಯೋದೂ ಬೇಡ, ಯಾಕೆ ಅಂತ ಮೇಲೆ ಓದಿದ್ದೀರಿ. ಹೆಜ್ಜೇನು ಇರೋ ಬಂಡೆ, ಮರಗಳ ಹತ್ರ ಸಿಗರೇಟು, ಸೆಂಟು, ಗಲಾಟೆ ಯಾವುದೂ ಬೇಡ.

ಹೊರಡೋ ಮೊದಲು ಮನೆಯಲ್ಲಿ ಒಬ್ಬರಿಗಾದ್ರೂ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೋಗಿ. ಕಾಲು ಉಳುಕಿ ಇಳಿಯೋಕೆ ಆಗದೆ ಹೋದ್ರೆ ಒಬ್ಬರು ಜೊತೆಗಿದ್ದು ಇನ್ನಿಬ್ಬರು ಕೆಳಗೆ ಊರಿಗೆ ಬಂದು ಸಹಾಯ ಕೇಳಬೇಕು, ಹಾಗಾಗಿ ಕನಿಷ್ಠ ಮೂರ್ನಾಲ್ಕು ಜನ ಹೋಗೋದು ಒಳ್ಳೇದು. ಸಿಗ್ನಲ್ ಸಿಕ್ಕಿದ ಕಡೆಯಿಂದ 112 ಅಥವಾ ಆಂಬುಲೆನ್ಸಿಗೆ 108. ಆಂಬುಲೆನ್ಸು ರಸ್ತೆವರೆಗೆ ಮಾತ್ರ ಬರುತ್ತೆ. ಮೂರು ಬಾಗಿಲು ಇಳಿಸಿ ಗದ್ದೆ ದಾಟಿಸೋದು ಜೊತೆಗಿದ್ದವರ, ಊರವರ ಹೆಗಲ ಮೇಲೇ.